ತೊಳೆದು ಹೋಗುವುದು, ಉಳಿದುಕೊಳ್ಳುವುದು

ಹೊಸದಾಗಿ ಅಪ್ಪ ಅಮ್ಮ ಆದವರ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಮಗು ಅಳುತ್ತಿದೆ ಅಂತ ಯಾರೋ ಎದ್ದು ಹೋಗುತ್ತಿದ್ದೀರಿ. ಬೇಡ, ಕೂತುಕೊಳ್ಳಿ. ಈ ಸಭೆ ನಡೆಯುತ್ತಿರುವುದೇ ಅವರಿಗಾಗಿ, ಅವರೂ ಮಾತಾಡಲಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಸೋಪು, ಶಾಂಪೂ, ಕ್ರೀಮ್ ತಯಾರಿಸುವ ಲ್ಯಾಬಿನಲ್ಲಿ ಹಲವು ವರ್ಷ ಕೆಲಸ ಮಾಡಿದವಳು. ಬಾಟಲಿ ಒಳಗೆ ಏನು ಹಾಕುತ್ತಾರೆ, ಹೊರಗೆ ಏನು ಬರೆಯುತ್ತಾರೆ, ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಆಮೇಲೆ ನನಗೆ ಮಗಳು ಹುಟ್ಟಿದಳು. ಮೂರು ತಿಂಗಳಾಗುವಷ್ಟರಲ್ಲಿ ಅವಳ ಕೆನ್ನೆ ಒರಟಾಯಿತು. ಹಾಸಿಗೆಗೆ ಉಜ್ಜಿ ಉಜ್ಜಿ ಅಲ್ಲಿಂದ ನೀರು ಒಸರತೊಡಗಿತು. ಅಷ್ಟು ವರ್ಷ ಲ್ಯಾಬಿನಲ್ಲಿ ಕಲಿತದ್ದು ಅರ್ಧ ಪಾಠ ಮಾತ್ರ ಅಂತ ಆಗ ಗೊತ್ತಾಯಿತು.

ಇಂಥ ಕಡೆ ಹೋದಾಗಲೆಲ್ಲ ಮೊದಲು ಬರುವ ಪ್ರಶ್ನೆ, "ಮಗುವಿಗೆ ಯಾವ ಸೋಪು ಒಳ್ಳೆಯದು?" ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಸೋಪು ಮಗುವಿನ ಮೈಮೇಲೆ ಎಷ್ಟು ಹೊತ್ತು ಇರುತ್ತದೆ? ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ. ಸ್ನಾನ ಆದ ಮೇಲೆ ಹಚ್ಚುವ ಲೋಷನ್? ಮುಂದಿನ ಸ್ನಾನದವರೆಗೂ ಇರುತ್ತದೆ. ಡೈಪರ್ ಬದಲಿಸುವಾಗ ಒರೆಸುವ ವೈಪ್ಸ್? ಒರೆಸಿದ ಮೇಲೆ ಯಾರೂ ನೀರು ಹಾಕಿ ತೊಳೆಯುವುದಿಲ್ಲ. ಅದರ ತೇವ ಅಲ್ಲೇ ಆರುತ್ತದೆ, ಮೇಲೆ ಹೊಸ ಡೈಪರ್ ಮುಚ್ಚಿಕೊಳ್ಳುತ್ತದೆ. ದಿನಕ್ಕೆ ಎಂಟು ಹತ್ತು ಸಲ.

ನಾವು ತಲೆ ಕೆಡಿಸಿಕೊಳ್ಳುವುದು ಅರ್ಧ ನಿಮಿಷದ ಸೋಪಿನ ಬಗ್ಗೆ. ಇಡೀ ದಿನ ಮೈಮೇಲೆ ಇರುವುದನ್ನು ಮಾತ್ರ ಘಮ ನೋಡಿ ತಂದುಬಿಡುತ್ತೇವೆ. ಇವತ್ತು ನಾನು ಹೇಳಬೇಕಾದದ್ದರ ಮುಕ್ಕಾಲು ಭಾಗ ಇಷ್ಟೇ. ಉಳಿದುಕೊಳ್ಳುವುದನ್ನು ಮೊದಲು ಆರಿಸಿ, ತೊಳೆದು ಹೋಗುವುದನ್ನು ಆಮೇಲೆ.

ಮಗುವಿನ ಚರ್ಮ ದೊಡ್ಡವರ ಚರ್ಮದ ಸಣ್ಣ ಸೈಜು ಅಲ್ಲ. ಅದರ ಹೊರಪದರ ನಮ್ಮದಕ್ಕಿಂತ ಸುಮಾರು ಶೇ. 30ರಷ್ಟು ತೆಳು. ಇಟ್ಟಿಗೆ ಕೂರಿಸಿದ್ದಾರೆ, ಗಾರೆ ಇನ್ನೂ ಒಣಗಿಲ್ಲ ಅನ್ನುವ ಗೋಡೆಯ ಹಾಗೆ. ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ, ಹೊರಗಿನದು ಬೇಗ ಒಳಗೆ ಬರುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಗುವಿಗೆ ಚರ್ಮವೂ ಜಾಸ್ತಿ. ಹಚ್ಚಿದ್ದರಲ್ಲಿ ಒಂದಿಷ್ಟು ಒಳಗೆ ಹೋದರೂ ಆ ಪುಟ್ಟ ಮೈಗೆ ಅದು ದೊಡ್ಡ ಪಾಲು. ಇನ್ನೊಂದು ವಿಷಯ ಪಿಎಚ್, ಅಂದರೆ ಹುಳಿ ಎಷ್ಟಿದೆ ಅಂತ ಹೇಳುವ ಅಳತೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ದೊಡ್ಡವರ ಚರ್ಮ ಸ್ವಲ್ಪ ಹುಳಿ, ಸುಮಾರು 5ರಿಂದ 5.5. ಹುಟ್ಟಿದ ಮಗುವಿನ ಚರ್ಮ 7ರ ಹತ್ತಿರ ಇರುತ್ತದೆ, ಮೊದಲ ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಚರ್ಮ ತನ್ನ ಕೊಬ್ಬಿನ ಪದರ ಕಟ್ಟಿಕೊಳ್ಳಲು, ಕೆಟ್ಟ ಬ್ಯಾಕ್ಟೀರಿಯಾಗಳನ್ನು ದೂರ ಇಡಲು ಆ ಹುಳಿ ಬೇಕು. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಹುಳಿ ಆಗಲು ಹೆಣಗುತ್ತಿರುವ ಚರ್ಮಕ್ಕೆ ದಿನಾ ಇದನ್ನು ಉಜ್ಜಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಕೆಲವು ಮಕ್ಕಳಿಗೆ ಈ ಗೋಡೆ ಹುಟ್ಟಿನಿಂದಲೇ ಸಡಿಲ. ಚರ್ಮದ ಹೊರಪದರ ಗಟ್ಟಿಯಾಗಲು ಬೇಕಾದ ಫಿಲಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದರೆ ಎಕ್ಸಿಮಾ, ಅಂದರೆ ಇಸುಬು, ಬರುವ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಎಷ್ಟು ತಾಯಂದಿರು "ನೀನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅನ್ನಿಸಿಕೊಂಡರೋ.

ಈಗ ಸ್ನಾನಕ್ಕೆ ಬರೋಣ. ಹುಟ್ಟಿದ ಮಗುವಿಗೆ ಮೊದಲ ಸ್ನಾನ ಕನಿಷ್ಠ 24 ಗಂಟೆ ಬಿಟ್ಟು ಮಾಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೈಗೆ ಅಂಟಿಕೊಂಡು ಬರುವ ಬಿಳಿ ಬೆಣ್ಣೆಯಂಥ ಪದರ ಇದೆಯಲ್ಲ, ಅದು ಕೊಳೆಯಲ್ಲ. ನೀರು, ಪ್ರೋಟೀನು, ಕೊಬ್ಬು ಸೇರಿದ ಕ್ರೀಮ್ ಅದು. ಲ್ಯಾಬಿನಲ್ಲಿ ನಾವು ಎಷ್ಟು ಒದ್ದಾಡಿದರೂ ಅಂಥದ್ದು ಮಾಡಲು ಆಗಲಿಲ್ಲ. ಅದನ್ನು ಉಜ್ಜಿ ತೆಗೆಯುವ ಅವಸರ ಬೇಡ.

ಮೊದಲ ವರ್ಷದಲ್ಲಿ ವಾರಕ್ಕೆ ಮೂರು ಸ್ನಾನ ಸಾಕು ಎನ್ನುತ್ತಾರೆ ಅಮೆರಿಕದ ಮಕ್ಕಳ ವೈದ್ಯರ ಸಂಘದವರು. ದಿನಾ ಮಾಡಿಸುತ್ತೇವೆ ಅಂದರೆ ತಪ್ಪೇನಿಲ್ಲ. ನೀರು 37-38 ಡಿಗ್ರಿ ಇರಲಿ, ಐದರಿಂದ ಹತ್ತು ನಿಮಿಷದಲ್ಲಿ ಮುಗಿಯಲಿ. ಒಂದು ಕೈ ಯಾವಾಗಲೂ ಮಗುವಿನ ಮೇಲಿರಲಿ, ಫೋನ್ ಬಂದರೂ ಸರಿ. ಮಗು ಮುಳುಗಲು ನಾಲ್ಕು ಬೆರಳು ನೀರು ಸಾಕು.

ಸೋಪು ಎಲ್ಲಿಗೆ ಬೇಕು? ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಡೈಪರ್ ಜಾಗ, ಅಂಗೈ ಅಂಗಾಲು. ಮಿಕ್ಕ ಕಡೆಗೆ ನೀರೇ ಧಾರಾಳ. ಹೊಟ್ಟೆ ಬೆನ್ನಿನ ಮೇಲೆ ಏನು ಕೊಳೆ ಇರುತ್ತದೆ ಹೇಳಿ, ಹೊಲ ಉತ್ತು ಬಂದಿದೆಯೇ ಕೂಸು? ಟಬ್ಬಿನಲ್ಲಿ ಸ್ನಾನ ಮಾಡಿಸುವವರು ಸೋಪನ್ನು ಕೊನೆಗೆ ಹಾಕಿ. ಮೊದಲೇ ಹಾಕಿದರೆ ಮಗು ಹತ್ತು ನಿಮಿಷ ಸೋಪಿನ ನೀರಿನಲ್ಲೇ ಕೂತಿರುತ್ತದೆ. ತೊಳೆದು ಹೋಗಬೇಕಾದದ್ದನ್ನು ಉಳಿದುಕೊಳ್ಳುವುದಾಗಿ ಮಾಡುವವರು ನಾವೇ.

ಯಾವ ಸೋಪು ಅಂದರೆ, ನಿಜವಾದ ಸೋಪು ಬೇಡ. ಸೋಪಿನ ಬದಲು ಬೇರೆ ಶುಚಿಕಾರಕಗಳಿಂದ ಮಾಡಿದ ಸಿಂಡೆಟ್ ಎಂಬ ಜಾತಿಯ ಬಾರ್ ಅಥವಾ ದ್ರವ ರೂಪದ ಕ್ಲೆನ್ಸರ್ ಬರುತ್ತದೆ. ಅದರ ಪಿಎಚ್ ಅನ್ನು ಚರ್ಮದ ಹತ್ತಿರಕ್ಕೆ ತರಬಹುದು, ಸೋಪಿನಲ್ಲಿ ಹಾಗೆ ಮಾಡಲಾಗುವುದಿಲ್ಲ. ಪಿಎಚ್ 5.5 ಅಂತ ಬರೆದಿದ್ದರೆ ಒಳ್ಳೆಯದು. ನೊರೆ ಕಡಿಮೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನೊರೆ ಇರುವುದು ನಮ್ಮ ಸಮಾಧಾನಕ್ಕೆ, ಮೈ ಶುಚಿಯಾಗಲು ಅದು ಬೇಕಿಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಒಂದಿದೆ, ಚೆನ್ನಾಗಿ ನೊರೆ ಕೊಡುತ್ತದೆ. ಚರ್ಮದ ಸಂಶೋಧಕರು ಬೇಕೆಂದೇ ಉರಿ ಬರಿಸಿ ಪರೀಕ್ಷೆ ಮಾಡಬೇಕಾದಾಗ ಹಚ್ಚುವುದು ಇದನ್ನೇ. ಮಗುವಿನ ಬಾಟಲಿಯಲ್ಲಿ ಈ ಹೆಸರು ಕಂಡರೆ ನಾನು ಕೆಳಗೆ ಇಟ್ಟುಬಿಡುತ್ತೇನೆ. ಸೋಡಿಯಂ ಲಾರೆತ್ ಸಲ್ಫೇಟ್ ಬೇರೆ, ಅದು ಇದಕ್ಕಿಂತ ಸೌಮ್ಯ. ಹೆಸರು ಒಂದೇ ಥರ ಕೇಳುತ್ತದೆ ಅಷ್ಟೆ.

ಸ್ನಾನದ ನೀರಿಗೆ ಬೆರೆಸುವ ಎಣ್ಣೆಯಂಥ ದ್ರವಗಳೂ ಮಾರಾಟಕ್ಕಿವೆ. ಎಕ್ಸಿಮಾ ಇದ್ದ 483 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ಅಧ್ಯಯನ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಆರೈಕೆಯ ಜೊತೆಗೆ ಇದನ್ನು ಬೆರೆಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆ ದುಡ್ಡು ಉಳಿಸಿ, ಮೈಗೆ ಹಚ್ಚುವುದಕ್ಕೆ ಖರ್ಚು ಮಾಡಿ.

ಇನ್ನು ಬಾಟಲಿಯ ಮುಂಭಾಗ. ನನಗೆ ಇಲ್ಲಿ ಸ್ವಲ್ಪ ಕೋಪ ಬರುತ್ತದೆ, ಕ್ಷಮಿಸಿ. "ಹೈಪೋಅಲರ್ಜೆನಿಕ್" ಅಂತ ಬರೆದಿರುತ್ತಾರೆ, ಅಲರ್ಜಿ ಆಗುವ ಸಾಧ್ಯತೆ ಕಡಿಮೆ ಅನ್ನುವ ಹಾಗೆ. ಇದಕ್ಕೆ ಒಂದು ಅರ್ಥ ಗೊತ್ತು ಮಾಡೋಣ, ಪರೀಕ್ಷೆ ಮಾಡಿ ತೋರಿಸಿದರೆ ಮಾತ್ರ ಬರೆಯಲಿ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1975ರಲ್ಲಿ ನಿಯಮ ತಂದಿತು. ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ನಿಯಮ ಬಿದ್ದುಹೋಯಿತು. ಅಲ್ಲಿ ಇವತ್ತಿಗೂ ಆ ಪದಕ್ಕೆ ಕಾನೂನಿನ ಅರ್ಥ ಇಲ್ಲ, ಕಂಪನಿ ಹೇಳಿದ್ದೇ ಅರ್ಥ. "ಕಣ್ಣೀರು ಬರಿಸದು" ಅನ್ನುವುದು ಕಣ್ಣಿಗೆ ಸೇರಿದ ಮಾತು, ಚರ್ಮದ ಬಗ್ಗೆ ಅದು ಏನೂ ಹೇಳುವುದಿಲ್ಲ. "ವಾಸನೆ ಇಲ್ಲ" ಅನ್ನುವುದಕ್ಕೂ "ಸುಗಂಧ ಸೇರಿಸಿಲ್ಲ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಕಚ್ಚಾ ಪದಾರ್ಥಗಳ ಕೆಟ್ಟ ವಾಸನೆ ಮುಚ್ಚಲು ಇನ್ನೊಂದು ಸುಗಂಧ ಹಾಕಿ, ಮೂಗಿಗೆ ಏನೂ ತಿಳಿಯದಂತೆ ಮಾಡಿಯೂ "ವಾಸನೆ ಇಲ್ಲ" ಅಂತ ಬರೆಯಬಹುದು. ನಮಗೆ ಬೇಕಾದದ್ದು ಎರಡನೆಯದು, ಸುಗಂಧ ಸೇರಿಸದೇ ಇರುವುದು.

"ನೈಸರ್ಗಿಕ" ಅನ್ನುವ ಪದಕ್ಕೆ ನಾನೇ ಬಿದ್ದಿದ್ದೇನೆ. ಮಗಳ ಕೆನ್ನೆ ಒರಟಾದಾಗ ಯಾರೋ ಪ್ರೀತಿಯಿಂದ ಒಂದು ಕ್ರೀಮ್ ತಂದುಕೊಟ್ಟರು. ಡಬ್ಬಿಯ ಮೇಲೆ ಎಲೆ, ಹೂವು, ನಗುವ ಮಗು. ಲ್ಯಾವೆಂಡರ್ ಎಣ್ಣೆ ಹಾಕಿದ್ದರು. ರಾತ್ರಿ ಹಚ್ಚಿದೆ, ಬೆಳಗ್ಗೆ ಹಚ್ಚಿದೆ, ಮತ್ತೆ ರಾತ್ರಿ ಹಚ್ಚಿದೆ. ಮೂರನೇ ದಿನ ಕೆನ್ನೆ ಸುಟ್ಟಂತೆ ಆಗಿತ್ತು. ಹೂವಿನ ಎಣ್ಣೆಯಲ್ಲಿರುವ ಲಿನಲೂಲ್, ಲಿಮೊನೀನ್ ಗಾಳಿಗೆ ಬಿದ್ದಾಗ ಅಲರ್ಜಿ ತರುವ ರೂಪಕ್ಕೆ ಬದಲಾಗುತ್ತವೆ. ಇದನ್ನು ನಾನು ಕೆಲಸದಲ್ಲಿ ಓದಿದ್ದೆ, ಫೈಲಿನಲ್ಲಿ ಬರೆದೂ ಇದ್ದೆ. ಎಲೆಯ ಚಿತ್ರ ನೋಡಿದ ಕೂಡಲೇ ಎಲ್ಲ ಮರೆತುಹೋಯಿತು. ಚರ್ಮಕ್ಕೆ ಗಿಡದಿಂದ ಬಂದದ್ದು, ಕಾರ್ಖಾನೆಯಿಂದ ಬಂದದ್ದು ಅನ್ನುವ ಭೇದ ಇಲ್ಲ.

ಹಾಗಾಗಿ ಬಾಟಲಿ ತಿರುಗಿಸಿ. ಹಿಂದಿನ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಒಂದು ಗುಟ್ಟು ಹೇಳುತ್ತೇನೆ, ಒಳಗಿನವರು ನೋಡುವ ರೀತಿ ಇದು. ಪಟ್ಟಿಯಲ್ಲಿ ಫಿನಾಕ್ಸಿಎಥೆನಾಲ್ ಎಲ್ಲಿದೆ ಹುಡುಕಿ. ಅದು ಕೆಡದಂತೆ ಹಾಕುವ ಪದಾರ್ಥ, ಯುರೋಪಿನ ನಿಯಮದಂತೆ ಶೇ. 1ನ್ನು ಮೀರುವಂತಿಲ್ಲ. ಅಂದರೆ ಅದರ ನಂತರ ಬರೆದಿರುವುದೆಲ್ಲ ಶೇ. 1ರ ಒಳಗೆ. ಡಬ್ಬಿಯ ಮುಂದೆ ದೊಡ್ಡದಾಗಿ ಚಿತ್ರ ಹಾಕಿದ ಹೂವು ಎಷ್ಟೋ ಸಲ ಅಲ್ಲೇ ಬಾಲದ ತುದಿಯಲ್ಲಿ ಕೂತಿರುತ್ತದೆ.

ಕೆಡದಂತೆ ಹಾಕುವ ಪದಾರ್ಥ ಅಂದ ಕೂಡಲೇ ಹೆದರಬೇಡಿ. ನೀರು ಇರುವ ಯಾವುದೇ ಕ್ರೀಮಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶಾಂಪೂ ಸೌಮ್ಯವಾಗಲಿ ಅಂತ ಬಾಟಲಿಗೆ ನೀರು ಬೆರೆಸಿ ಇಡುತ್ತಾರಲ್ಲ, ಅದು ತಪ್ಪು. ಆ ಪದಾರ್ಥದ ಬಲ ಕುಗ್ಗುತ್ತದೆ. ನೋಡಬೇಕಾದದ್ದು ಯಾವುದನ್ನು ಹಾಕಿದ್ದಾರೆ ಅಂತ. ಮಿಥೈಲ್ ಐಸೊಥಯಜೊಲಿನೋನ್ (Methylisothiazolinone) ಎಂಬ ಉದ್ದ ಹೆಸರು ನೆನಪಿಡಿ. ಲೇಬಲ್ ಫೋಟೋ ತೆಗೆದು ಹೋಲಿಸಿಕೊಳ್ಳಿ, ನಾಲಿಗೆ ತಿರುಗಬೇಕಾಗಿಲ್ಲ. 2013ರಲ್ಲಿ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ ಇದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. ಮರುವರ್ಷ ಇಬ್ಬರು ಸೇರಿ ಆರು ಮಕ್ಕಳ ಕಥೆ ಬರೆದರು. ಬಾಯಿ ಸುತ್ತ, ಕೈ ಮೇಲೆ, ಕುಂಡೆ ಮೇಲೆ ವಾಸಿಯಾಗದ ದದ್ದು. ಎಕ್ಸಿಮಾ ಇರಬಹುದು, ಇನ್ನೇನೋ ಸೋಂಕಿರಬಹುದು ಅಂತ ಔಷಧಿ ಕೊಟ್ಟದ್ದೂ ಆಗಿತ್ತು. ಕಾರಣ ವೈಪ್ಸ್‌ನಲ್ಲಿದ್ದ ಈ ಪದಾರ್ಥ. ವೈಪ್ಸ್ ಬಿಟ್ಟ ಮೇಲೆ ಗುಣವಾಯಿತು. ಆಮೇಲೆ ಯುರೋಪಿನಲ್ಲಿ ಮೈಮೇಲೆ ಉಳಿಯುವ ಉತ್ಪನ್ನಗಳಲ್ಲಿ ಇದನ್ನು ನಿಷೇಧಿಸಿದರು. ತೊಳೆದು ಹೋಗುವವುಗಳಲ್ಲಿ ತೀರಾ ಕಡಿಮೆ ಪ್ರಮಾಣಕ್ಕೆ ಅವಕಾಶ ಉಳಿಸಿದರು. ನೋಡಿ, ನಾನು ಹೇಳುತ್ತಿರುವ ಗೆರೆಯನ್ನೇ ಕಾನೂನೂ ಎಳೆದಿದೆ.

ಮನೆಯಲ್ಲಿದ್ದಾಗ ವೈಪ್ಸ್ ಬದಲು ಹತ್ತಿ ಬಟ್ಟೆ ಮತ್ತು ನೀರು ಬಳಸಿ. ಹೊರಗೆ ಹೋದಾಗ ಸುಗಂಧ ಇಲ್ಲದ ವೈಪ್ಸ್. ಅಷ್ಟು ಸಾಕು.

ಪೌಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬೇಡ. ಮಗು ಉಸಿರಿನಲ್ಲಿ ಎಳೆದುಕೊಳ್ಳುತ್ತದೆ. 1972ರಲ್ಲಿ ಫ್ರಾನ್ಸಿನಲ್ಲಿ ಒಂದು ಬೇಬಿ ಪೌಡರ್‌ಗೆ ಹೆಕ್ಸಾಕ್ಲೋರೊಫೀನ್ ಎಂಬ ರೋಗಾಣುನಾಶಕ ತಪ್ಪಿ ವಿಪರೀತ ಬೆರೆತುಹೋಯಿತು. 36 ಮಕ್ಕಳು ತೀರಿಕೊಂಡರು. ಡೈಪರ್ ಒಳಗೆ ಗಂಟೆಗಟ್ಟಲೆ ಉಳಿದ ಪುಡಿ ಚರ್ಮದ ಮೂಲಕ ಮೈಯೊಳಗೆ ಹೋಗಿತ್ತು. ಈಗ ಅದನ್ನು ಹಾಗೆ ಬಳಸುವುದಿಲ್ಲ. ಆದರೂ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಕಥೆ ಕೇಳಿದ್ದು ನನ್ನ ತಲೆಯಿಂದ ಹೋಗಿಲ್ಲ.

ಈಗ ಹಚ್ಚುವುದು. ಸ್ನಾನ ಆದ ಮೇಲೆ ಟವೆಲಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಮೈ ಇನ್ನೂ ತೇವ ಇರುವಾಗಲೇ, ಮೂರು ನಿಮಿಷದೊಳಗೆ ಹಚ್ಚಿಬಿಡಿ. ಲೋಷನ್‌ನಲ್ಲಿ ನೀರು ಜಾಸ್ತಿ, ಕ್ರೀಮಿನಲ್ಲಿ ಅದಕ್ಕಿಂತ ಕಡಿಮೆ, ಮುಲಾಮಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀರಿಲ್ಲದಿದ್ದರೆ ಕೆಡದಂತೆ ಹಾಕುವ ಪದಾರ್ಥವೂ ಬೇಕಿಲ್ಲ. ಹಾಗಾಗಿ ತೀರಾ ಸೂಕ್ಷ್ಮ ಚರ್ಮಕ್ಕೆ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದು ಕಡಿಮೆ. ಒಂದೇ ಪದಾರ್ಥ. 1872ರಲ್ಲೇ ಪೇಟೆಂಟ್ ಆದ ವಸ್ತು. ಅಂಟು ಅಂಟು, ಸೆಕೆಗೆ ಹಿಂಸೆ, ಒಪ್ಪುತ್ತೇನೆ. ಮಗುವಿನ ಕೈಕಾಲು ಜಾರುತ್ತದೆ, ಎತ್ತಿಕೊಳ್ಳುವಾಗ ಹುಷಾರು. ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ, ಒಲೆ ದೀಪಗಳಿಂದ ದೂರ ಇಡಿ.

ಹಾಗಾದರೆ ಇವುಗಳಲ್ಲಿ ಯಾವುದು ಉತ್ತಮ? ಲೋಷನ್, ಕ್ರೀಮ್, ಜೆಲ್, ಮುಲಾಮು ನಾಲ್ಕನ್ನೂ ಎಕ್ಸಿಮಾ ಇರುವ 550 ಮಕ್ಕಳಲ್ಲಿ ಹೋಲಿಸಿ 2022ರಲ್ಲಿ ಬ್ರಿಟನ್ನಿನವರು ವರದಿ ಕೊಟ್ಟರು. ಪರಿಣಾಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ನೀವು ಬೇಸರವಿಲ್ಲದೆ ದಿನಾ ಹಚ್ಚುವಂಥದ್ದು ಯಾವುದೋ ಅದು. ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು), ಪೆಟ್ರೊಲೇಟಂ (ಪೆಟ್ರೋಲಿಯಂ ಜೆಲ್ಲಿಯೇ) ಇಂಥವು ಪಟ್ಟಿಯ ಮೊದಲಲ್ಲಿದ್ದು, ಸುಗಂಧ ಇಲ್ಲದಿದ್ದರೆ ಬ್ರಾಂಡ್ ಯಾವುದಾದರೂ ಇರಲಿ. ಪಂಪ್ ಇರುವ ಬಾಟಲಿ ಆದರೆ ಇನ್ನೂ ಒಳ್ಳೆಯದು. ಬಾಯಗಲದ ಡಬ್ಬಿಗೆ ಬೆರಳು ಅದ್ದುವ ಬದಲು ಒಂದು ಶುದ್ಧ ಚಮಚ ಇಟ್ಟುಕೊಳ್ಳಿ.

ಎಲ್ಲ ಮಕ್ಕಳಿಗೂ ಹುಟ್ಟಿನಿಂದಲೇ ಕ್ರೀಮ್ ಮೆತ್ತಿದರೆ ಎಕ್ಸಿಮಾ ಬರುವುದೇ ಇಲ್ಲ ಅನ್ನುವ ಆಸೆ ಒಂದು ಕಾಲಕ್ಕೆ ನಮಗೆಲ್ಲ ಇತ್ತು. ಅಪಾಯ ಹೆಚ್ಚಿದ್ದ 1394 ಮಕ್ಕಳಲ್ಲಿ ಅದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಎರಡು ವರ್ಷವಾಗುವಾಗ ಹಚ್ಚಿಸಿಕೊಂಡವರಲ್ಲಿ ಶೇ. 23, ಹಚ್ಚದವರಲ್ಲಿ ಶೇ. 25 ಮಕ್ಕಳಿಗೆ ಎಕ್ಸಿಮಾ ಇತ್ತು. ಅಂದರೆ ತಡೆಯಲಿಲ್ಲ. ಹಚ್ಚಿಸಿಕೊಂಡವರಲ್ಲಿ ಚರ್ಮದ ಸೋಂಕು ಸ್ವಲ್ಪ ಜಾಸ್ತಿಯೇ ಕಂಡಿತು. ನಿಮ್ಮ ಮಗುವಿನ ಚರ್ಮ ನುಣ್ಣಗೆ ಚೆನ್ನಾಗಿದ್ದರೆ ಸುಮ್ನೆ ಬಿಟ್ಟುಬಿಡಿ. ಒಣಗಿದ್ದರೆ, ತುರಿಸುತ್ತಿದ್ದರೆ ಹಚ್ಚಿ.

ಹೊಸದು ಯಾವುದೇ ಇರಲಿ, ಒಂದೇ ಸಲ ಮೈಗೆಲ್ಲ ಬೇಡ. ಮುಂಗೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದು ದಿನ ನೋಡಿ ಬಿಟ್ಟರೆ ಸಾಲದು, ಅಲರ್ಜಿ ತಡವಾಗಿ ತಲೆ ಎತ್ತುತ್ತದೆ. ಎರಡು ಹೊಸ ವಸ್ತುಗಳನ್ನು ಒಟ್ಟಿಗೆ ಶುರು ಮಾಡಿದರೆ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ.

ದದ್ದು ಅಂದರೆ ಕೆಂಪು ಅಂತ ಎಲ್ಲ ಕಡೆ ಬರೆದಿರುತ್ತದೆ. ಕಪ್ಪು, ಕಂದು ಚರ್ಮದಲ್ಲಿ ಅದು ಬೂದು, ನೇರಳೆ, ಗಾಢ ಕಂದು ಆಗಿ ಕಾಣಬಹುದು. ಕಣ್ಣಿಗಿಂತ ಬೆರಳನ್ನು ನಂಬಿ, ಒರಟುತನ ಮೊದಲು ಬೆರಳಿಗೆ ಸಿಗುತ್ತದೆ. ಹಸುಗೂಸಿನ ಎಕ್ಸಿಮಾ ಕೆನ್ನೆ, ತಲೆ, ಕೈಕಾಲಿನ ಹೊರಬದಿಯಲ್ಲಿ ಬರುತ್ತದೆ, ಡೈಪರ್ ಜಾಗವನ್ನು ಸಾಮಾನ್ಯವಾಗಿ ಬಿಟ್ಟಿರುತ್ತದೆ. ಒಸರುವುದು, ಹಳದಿ ಹಕ್ಕಳೆ, ಜ್ವರ, ಗುಂಪು ಗುಂಪಾಗಿ ಗುಳ್ಳೆ, ನಿದ್ದೆಯಿಲ್ಲದಷ್ಟು ತುರಿಕೆ, ಇವು ಕಂಡರೆ ನನ್ನಂಥವರ ಮಾತು ಕೇಳುತ್ತ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ. ಅವರು ಸ್ಟೆರಾಯ್ಡ್ ಮುಲಾಮು ಬರೆದುಕೊಟ್ಟರೆ ಹೇಳಿದಷ್ಟು ದಿನ, ಹೇಳಿದ ಹಾಗೆ ಹಚ್ಚಿ. ಹೆದರಿ ಬಿಟ್ಟವರೇ ಹೆಚ್ಚು ದಿನ ಒದ್ದಾಡಿದ್ದನ್ನು ನೋಡಿದ್ದೇನೆ, ನಾನೂ ಅವರಲ್ಲೊಬ್ಬಳು.

ಆಮೇಲೆ ಪ್ರಶ್ನೆಗಳು ಬಂದವು. ಒಬ್ಬರು ಅಜ್ಜಿ, "ಎಣ್ಣೆ ಹಚ್ಚಬಾರದಾ ಹಾಗಾದರೆ?" ಎಂದರು. ಹಚ್ಚಬಹುದು ಅಮ್ಮ, ಆದರೆ ಎಣ್ಣೆಗಳೆಲ್ಲ ಒಂದಲ್ಲ. 2013ರ ಒಂದು ಅಧ್ಯಯನದಲ್ಲಿ ದೊಡ್ಡವರ ಕೈಗೆ ಆಲಿವ್ ಎಣ್ಣೆ ಹಚ್ಚಿದಾಗ ಚರ್ಮದ ಹೊರಪದರ ಸಡಿಲವಾಯಿತು. ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗಲಿಲ್ಲ. ಚರ್ಮ ಒಡೆದಿರುವಾಗ ತಿನ್ನುವ ಪದಾರ್ಥ ಹಚ್ಚುವುದರಲ್ಲಿ ಇನ್ನೊಂದು ತೊಡಕಿದೆ. ಕಡಲೆಕಾಯಿ ಎಣ್ಣೆ ಇದ್ದ ಕ್ರೀಮು ಹಚ್ಚಿಸಿಕೊಂಡ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚು ಎಂದು 2003ರಲ್ಲೇ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದರು.

ಮುಂದಿನ ಸಾಲಿನ ಒಬ್ಬ ಹುಡುಗಿ ಚುರುಕಾಗಿ ಕೇಳಿದಳು. "ಮೇಡಂ, ತೊಳೆದು ಹೋಗುವುದರಿಂದ ಏನೂ ಆಗಲ್ಲ ಅಂತ ತಾನೇ ನೀವು ಹೇಳಿದ್ದು?" ಹಾಗೆ ಹೇಳಲಿಲ್ಲಮ್ಮ, ಆದರೂ ಕೇಳಿದ್ದು ಒಳ್ಳೆಯದಾಯಿತು. ಜಪಾನಿನಲ್ಲಿ ಗೋಧಿ ಪ್ರೋಟೀನು ಬೆರೆಸಿದ ಒಂದು ಮುಖದ ಸೋಪು ಇತ್ತು, 2011ರಲ್ಲಿ ವಾಪಸ್ ಪಡೆದರು. ಅದರಿಂದ ಮುಖ ತೊಳೆದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಅಲರ್ಜಿ ಬರತೊಡಗಿತ್ತು. ನನ್ನ ಲೆಕ್ಕಾಚಾರ ಸೋಲುವ ಜಾಗ ಅದು. ಮಗುವಿನ ಸೋಪಿನಲ್ಲಿ ಗೋಧಿ, ಹಾಲು, ಬಾದಾಮಿ ಅಂತ ಇದ್ದರೆ ನಾನು ಅದನ್ನೂ ಬಿಡುತ್ತೇನೆ.

ಕೊನೆಗೆ ಒಬ್ಬರು ಎದ್ದು ನಿಂತರು, ಎದೆಗೆ ಮಗುವನ್ನು ಕಟ್ಟಿಕೊಂಡಿದ್ದರು. "ನಾವು ಎಲ್ಲ ಬದಲಾಯಿಸಿದ್ದೇವೆ ಮೇಡಂ. ಸೋಪು, ಕ್ರೀಮು, ಬಟ್ಟೆ ಒಗೆಯುವ ಪುಡಿ ಕೂಡ. ಆದರೂ ಇವನಿಗೆ ಎಡಗೆನ್ನೆ ಮಾತ್ರ ಆಗಾಗ ಕೆಂಪಾಗುತ್ತದೆ."

"ನಿದ್ದೆ ಮಾಡಿಸುವುದು ಯಾರು?"

"ನಾನೇ. ಹೀಗೇ ಎತ್ತಿಕೊಂಡು."

ಮಗುವಿನ ಎಡಗೆನ್ನೆ ಅವರ ಅಂಗಿಗೆ ಒತ್ತಿಕೊಂಡಿತ್ತು. ನಾಲ್ಕನೇ ಸಾಲಿನಿಂದ ವೇದಿಕೆಯವರೆಗೆ ಸೆಂಟಿನ ಘಮ ಬರುತ್ತಿತ್ತು. ಕಾರಣ ಅದೇ ಅಂತ ಗ್ಯಾರಂಟಿ ಕೊಡಲಾರೆ, ಎರಡು ವಾರ ಬಿಟ್ಟು ನೋಡಿ ಅಂದೆ. ಅವರು ಕಾಲರ್ ಎಳೆದು ಒಮ್ಮೆ ಮೂಸಿಕೊಂಡರು. ಮಗುವನ್ನು ಮೆಲ್ಲಗೆ ಬಿಡಿಸಿ ಪಕ್ಕದಲ್ಲಿದ್ದ ಹೆಂಡತಿಯ ಕೈಗೆ ಕೊಟ್ಟರು.